ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ: ವಂಶವಾಹಿಯ ಪಾಲೆಷ್ಟು, ಪರಿಸರದ ಪಾಲೆಷ್ಟು?

ಪ್ರಶ್ನೆ: ಪೆರ್ಲದ ಕೃಷಿಕ

ನನ್ನ ಅಣ್ಣನಿಗೆ ಈಗ 55 ವರ್ಷ. ಅವನು 28ನೆಯ ವಯಸ್ಸಿನಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಕ್ಯಾಶಿಯರ್ ಆಗಿದ್ದಾಗ, ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ, ಊಟದಲ್ಲಿ ವಿಷ ಬೆರೆಸುತ್ತಿದ್ದಾರೆ ಎಂದು ಹೇಳತೊಡಗಿದ. ಊರಿಗೆ ಕರೆತಂದ ಮೇಲೆ ಮೊದಲಿನ ಕೆಲವು ವರ್ಷಗಳು ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ನಾಗನಿಗೆ ತಂಬಿಲ ಮಾಡಿಸುವುದು, ದೈವದ ನುಡಿ ಕೇಳುವುದು ಇವುಗಳಲ್ಲೇ ಕಳೆದುಹೋದವು. ಕೊನೆಗೆ ಮಂಗಳೂರಿನ ಮನೋವೈದ್ಯರೊಬ್ಬರು ಇದು ಸ್ಕಿಜೋಫ್ರೇನಿಯಾ ಎಂದು ಗುರುತಿಸಿ ಮಾತ್ರೆ ಆರಂಭಿಸಿದರು. ಅಂದಿನಿಂದ ಅವನು ಮಾತು ಕಡಿಮೆಯಾದರೂ ತೋಟದ ಕೆಲಸಗಳನ್ನು ನೋಡಿಕೊಂಡು ನಮ್ಮ ಜೊತೆಯಲ್ಲೇ ಇದ್ದಾನೆ.

ಈಗ ಈ ವಿಷಯವನ್ನು ಕೇಳಬೇಕಾಗಿ ಬಂದದ್ದಕ್ಕೆ ಕಾರಣವಿದೆ. ಅಣ್ಣನ ಮಗಳಿಗೆ 28 ವರ್ಷವಾಗಿದೆ. ಅವಳಿಗೆ ಬಂದ ಒಂದು ಸಂಬಂಧದಲ್ಲಿ ಗಂಡಿನ ಕಡೆಯವರು, ‘ಇದು ಶೇಕಡಾ 80ರಷ್ಟು ವಂಶದಿಂದಲೇ ಬರುವ ಕಾಯಿಲೆ ಎಂದು ಇಂಟರ್ನೆಟ್ಟಿನಲ್ಲಿ ಓದಿದೆವು’ ಎಂದು ಮಧ್ಯಸ್ಥರ ಮೂಲಕ ಹೇಳಿ ಕಳುಹಿಸಿದ್ದಾರೆ. ನನ್ನ ಮಗ ಪ್ಲಸ್ ಟು ಮುಗಿಸಿ ಬೆಂಗಳೂರಿನ ಕಾಲೇಜಿಗೆ ಸೇರುವವನಿದ್ದಾನೆ; ದೊಡ್ಡಪ್ಪನಿಗೆ ಪಟ್ಟಣದಲ್ಲೇ ಹೀಗಾದದ್ದರಿಂದ ಇವನನ್ನು ಅಲ್ಲಿಗೆ ಕಳುಹಿಸುವುದು ಬೇಡವೆಂದು ನನ್ನ ಹೆಂಡತಿ ಹಠ ಹಿಡಿದಿದ್ದಾಳೆ. ಇತ್ತ ಎಂಬತ್ತು ದಾಟಿದ ನನ್ನ ತಾಯಿ, ಅಣ್ಣ ಹೊಟ್ಟೆಯಲ್ಲಿದ್ದಾಗ ತನಗೆ ವಿಪರೀತ ಜ್ವರ ಬಂದಿತ್ತು, ಅದರಿಂದಲೇ ಹೀಗಾಯಿತು ಎಂದು ಇಂದಿಗೂ ಕೊರಗುತ್ತಾರೆ.

ಶೇಕಡಾ 80 ವಂಶವಾಹಿಯದ್ದಾದರೆ ಪರಿಸರಕ್ಕೆ ಉಳಿಯುವುದು 20 ಮಾತ್ರವೇ? ಹಾಗಿದ್ದರೆ ಗಂಡಿನ ಕಡೆಯವರ ಮಾತು ಸರಿಯೆಂದಾಗುವುದಿಲ್ಲವೇ? ಪರಿಸರ ಎಂದರೆ ಯಾವುದು: ಪಟ್ಟಣವೇ, ಮಾನಸಿಕ ಒತ್ತಡವೇ, ಅಮ್ಮನ ಜ್ವರವೇ? ತಿಳಿದವರು ಸಮಾಧಾನಕ್ಕಾಗಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಕುಂಬಳೆ ಮೂಲದ ಮನೋವೈದ್ಯ

ಮೊದಲು ಅಂಕಿಗಳನ್ನು ನೋಡೋಣ, ಏಕೆಂದರೆ ನಿಮ್ಮ ಮನೆಯ ಆತಂಕವೆಲ್ಲ ಒಂದು ಅಂಕಿಯಿಂದಲೇ ಹುಟ್ಟಿಕೊಂಡಿದೆ. ಯಾವುದೇ ವ್ಯಕ್ತಿಗೆ ಜೀವಮಾನದಲ್ಲಿ ಸ್ಕಿಜೋಫ್ರೇನಿಯಾ ಬರುವ ಸಾಧ್ಯತೆ ಸುಮಾರು 100ರಲ್ಲಿ 1. ಇರ್ವಿಂಗ್ ಗಾಟ್ಸ್‌ಮನ್ ಎಂಬ ಅಮೆರಿಕದ ತಳಿ ಮನಶ್ಶಾಸ್ತ್ರಜ್ಞರು ಯುರೋಪಿನ ಹಲವು ದಶಕಗಳ ಕುಟುಂಬ ಅಧ್ಯಯನಗಳನ್ನು ಒಟ್ಟುಗೂಡಿಸಿ 1991ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ತಂದೆ ಅಥವಾ ತಾಯಿಗೆ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ 100ರಲ್ಲಿ ಸುಮಾರು 13, ಒಡಹುಟ್ಟಿದವರಿಗೆ ಸುಮಾರು 9, ಸೋದರ ಸೋದರಿಯರ ಮಕ್ಕಳಿಗೆ ಸುಮಾರು 4, ಮೊಮ್ಮಕ್ಕಳಿಗೆ ಸುಮಾರು 5. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಇವುಗಳಲ್ಲಿ ಕೆಲವು ಇನ್ನೂ ಕಡಿಮೆ ಬಂದಿವೆ. ಅಂದರೆ ನಿಮ್ಮ ಮಗನಿಗೆ ಕಾಯಿಲೆ ಬಾರದಿರುವ ಸಾಧ್ಯತೆ 100ರಲ್ಲಿ 96ರ ಹತ್ತಿರ ಇದೆ. ನಿಮ್ಮ ಅಣ್ಣನ ಮಗಳ ವಿಷಯದಲ್ಲಿ 13 ಎಂಬುದು ಹುಟ್ಟಿನಿಂದ ಲೆಕ್ಕ ಹಾಕಿದ ಅಂಕಿ. ಆರೋಗ್ಯವಾಗಿ 28 ದಾಟಿದವಳಿಗೆ ಉಳಿದಿರುವ ಅಪಾಯ ಅದಕ್ಕಿಂತ ಕಡಿಮೆ. ಹೆಂಗಸರಲ್ಲಿ ಈ ಕಾಯಿಲೆ ಗಂಡಸರಿಗಿಂತ ಕೆಲವು ವರ್ಷ ತಡವಾಗಿ ಕಾಣಿಸಿಕೊಳ್ಳುವುದರಿಂದ ಅಪಾಯ ಪೂರ್ತಿ ಕಳೆಯಿತೆಂದು ಹೇಳಲಾಗದು, ಆದರೂ ‘ಶೇಕಡಾ 80’ ಎಂಬುದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ!

ಎಲ್ಲರೂ ಮರೆಯುವ ಇನ್ನೊಂದು ಸಂಗತಿಯೂ ಇದೆ. ಗಾಟ್ಸ್‌ಮನ್ನರ ಅದೇ ಲೆಕ್ಕದಲ್ಲಿ, ಸ್ಕಿಜೋಫ್ರೇನಿಯಾ ಇರುವವರಲ್ಲಿ ಸುಮಾರು ಶೇಕಡಾ 63 ಮಂದಿಯ ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗೂ ಈ ಕಾಯಿಲೆ ಇರಲಿಲ್ಲ. ‘ನಮ್ಮ ವಂಶದಲ್ಲಿ ಇಂಥದ್ದಿಲ್ಲ’ ಎಂದು ಹೇಳುವ ಗಂಡಿನ ಮನೆಯವರಿಗೂ ಆ ಒಂದು ಪ್ರತಿಶತದಿಂದ ವಿನಾಯಿತಿ ಸಿಕ್ಕಿಲ್ಲ.

ವಂಶವಾಹಿಯ ಪಾತ್ರ ದೊಡ್ಡದೆಂಬುದು ಮಾತ್ರ ನಿಜ. ಅದನ್ನು ಮರೆಮಾಚುವುದು ಸರಿಯಲ್ಲ. 2018ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅವಳಿಗಳ ಅಧ್ಯಯನದಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದಾಗ ಇನ್ನೊಬ್ಬರಿಗೂ ಇದ್ದದ್ದು ಶೇಕಡಾ 33ರಷ್ಟು ಸಂದರ್ಭಗಳಲ್ಲಿ. ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇಕಡಾ 7. ಈ ವ್ಯತ್ಯಾಸದಿಂದಲೇ ಶೇಕಡಾ 79 ಎಂಬ ಆನುವಂಶೀಯತೆಯ ಅಂಕಿಯನ್ನು, ಅಂದರೆ ಸುಮಾರಾಗಿ ನೀವು ಕೇಳಿದ ಆ ‘80’ನ್ನು, ಲೆಕ್ಕ ಹಾಕಿದ್ದಾರೆ. ಆದರೆ ಆ 33ನ್ನು ಇನ್ನೊಂದು ಕಡೆಯಿಂದ ನೋಡಿ: ಅಕ್ಷರಶಃ ಒಂದೇ ಡಿಎನ್‌ಎ ಹೊತ್ತು, ಒಂದೇ ಗರ್ಭದಲ್ಲಿ ಬೆಳೆದು ಬಂದ ಇಬ್ಬರಲ್ಲಿ ಒಬ್ಬರು ಕಾಯಿಲೆ ಬಿದ್ದಾಗ ಇನ್ನೊಬ್ಬರು ಮೂರರಲ್ಲಿ ಎರಡು ಸಲ ಆರೋಗ್ಯವಾಗಿಯೇ ಉಳಿದಿದ್ದಾರೆ.

ಇನ್ನು ‘ಸ್ಕಿಜೋಫ್ರೇನಿಯಾದ ಜೀನ್’ ಎಂಬ ಒಂದು ವಸ್ತು ಇಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು 76,755 ರೋಗಿಗಳ ಡಿಎನ್‌ಎಯನ್ನು ಆರೋಗ್ಯವಂತರದರೊಡನೆ ಹೋಲಿಸಿ, ಅಪಾಯದೊಡನೆ ಸಂಬಂಧವಿರುವ 287 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಬಹುಪಾಲಿನವು ಒಂದೊಂದಾಗಿ ಅಪಾಯವನ್ನು ಅತ್ಯಲ್ಪವಾಗಿ ಮಾತ್ರ ಏರಿಸುತ್ತವೆ, ಮತ್ತು ಅವು ನನ್ನಲ್ಲೂ ನಿಮ್ಮಲ್ಲೂ ಇದನ್ನು ಓದುವವರೆಲ್ಲರಲ್ಲೂ ಒಂದಿಷ್ಟು ಇವೆ. ಅಣ್ಣನಲ್ಲಿ ಅವು ಹೆಚ್ಚು ಕೂಡಿಬಂದಿರಬಹುದು, ಅಷ್ಟೇ. ಇವುಗಳ ಪೈಕಿ ಹೆಚ್ಚು ಚೆನ್ನಾಗಿ ಅರ್ಥವಾಗಿರುವುದು ರೋಗನಿರೋಧಕ ವ್ಯವಸ್ಥೆಗೆ ಸೇರಿದ ಸಿ4 ಎಂಬ ಜೀನ್. ಹದಿಹರೆಯದಲ್ಲಿ ಮೆದುಳು ತನ್ನ ನರಕೋಶಗಳ ನಡುವಿನ ಬೇಡದ ಸಂಧಿಗಳನ್ನು ಕತ್ತರಿಸಿ ತೆಗೆಯುತ್ತದೆ. ಸಿ4ರ ಕೆಲವು ರೂಪಗಳಿರುವವರಲ್ಲಿ ಈ ಕತ್ತರಿಸುವಿಕೆ ಮಿತಿಮೀರುವ ಸಾಧ್ಯತೆಯನ್ನು 2016ರ ಸಂಶೋಧನೆ ತೋರಿಸಿತು. ಕಾಯಿಲೆ ಬಾಲ್ಯದಲ್ಲಿ ಕಾಣದೆ ಹದಿಹರೆಯದ ಕೊನೆಗೋ ಇಪ್ಪತ್ತರ ಹರೆಯದಲ್ಲೋ ಏಕೆ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಇದು ಭಾಗಶಃ ಉತ್ತರವಾಗಬಹುದು.

ಇವುಗಳಿಗೆ ಅಪವಾದವಾಗಿ, ಅಪರೂಪದ ಆದರೆ ಪ್ರಬಲವಾದ ಕೆಲವು ಬದಲಾವಣೆಗಳೂ ಇವೆ. 22ನೆಯ ವರ್ಣತಂತುವಿನ (ಕ್ರೋಮೋಸೋಮಿನ) ಒಂದು ಸಣ್ಣ ತುಂಡು ಕಳೆದುಹೋಗಿರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬರುತ್ತದೆ. ಅವರಲ್ಲಿ ಸಾಮಾನ್ಯವಾಗಿ ಹುಟ್ಟಿನಿಂದಲೇ ಹೃದಯದ ದೋಷ, ಸೀಳಿದ ಅಂಗುಳು, ಕಲಿಕೆಯ ತೊಂದರೆಗಳಂಥ ಬೇರೆ ಲಕ್ಷಣಗಳೂ ಇರುತ್ತವೆ. ಇಷ್ಟು ಪ್ರಬಲವಾದ ಬದಲಾವಣೆ ಇದ್ದಾಗಲೂ ನಾಲ್ವರಲ್ಲಿ ಮೂವರಿಗೆ ಕಾಯಿಲೆ ಬರುವುದಿಲ್ಲ ಎಂಬುದನ್ನು ಗಮನಿಸಬೇಕು.

ಉತ್ತರ 2: ನಿವೃತ್ತ ಜೀವಶಾಸ್ತ್ರ ಅಧ್ಯಾಪಕ, ಬದಿಯಡ್ಕ

ವೈದ್ಯರು ಹೇಳಿದ್ದಕ್ಕೆ ‘ಶೇಕಡಾ 80’ ಎಂಬುದರ ಅರ್ಥವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ಈ ಒಂದು ಅಂಕಿಯಷ್ಟು ತಪ್ಪಾಗಿ ಓದಲ್ಪಡುವ ಅಂಕಿ ನನ್ನ ವಿಷಯದಲ್ಲಿ ಇನ್ನೊಂದಿಲ್ಲ.

ಆನುವಂಶೀಯತೆ ಎಂಬುದು ಒಬ್ಬ ವ್ಯಕ್ತಿಯ ಬಗ್ಗೆ ಹೇಳುವ ಮಾತಲ್ಲ. ಒಂದು ಜನಸಮುದಾಯದಲ್ಲಿ, ಒಂದು ಕಾಲದಲ್ಲಿ, ಜನರ ನಡುವೆ ಇರುವ ವ್ಯತ್ಯಾಸಗಳಲ್ಲಿ ಎಷ್ಟು ಭಾಗ ಅವರ ವಂಶವಾಹಿಗಳ ವ್ಯತ್ಯಾಸಕ್ಕೆ ಹೊಂದಿಕೊಂಡಿದೆ ಎಂಬುದರ ಲೆಕ್ಕ ಅದು. ಎತ್ತರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎತ್ತರದ ಆನುವಂಶೀಯತೆಯೂ ಸುಮಾರು ಶೇಕಡಾ 80. ಆದರೂ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ನೂರು ವರ್ಷಗಳಲ್ಲಿ ಸುಮಾರು 20 ಸೆಂಟಿಮೀಟರ್ ಏರಿತು. ಅಷ್ಟು ಅಲ್ಪ ಕಾಲದಲ್ಲಿ ಅವರ ವಂಶವಾಹಿಗಳು ಬದಲಾಗಿರಲಿಲ್ಲ, ಊಟ ಮತ್ತು ಆರೋಗ್ಯ ಬದಲಾಗಿದ್ದವು. ಆನುವಂಶೀಯತೆ ಹೆಚ್ಚಿರುವುದಕ್ಕೂ ಪರಿಸರ ನಿಷ್ಪ್ರಯೋಜಕವೆನ್ನುವುದಕ್ಕೂ ಸಂಬಂಧವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ, ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅವಳಿಗಳ ಲೆಕ್ಕದಲ್ಲಿ ವಂಶವಾಹಿ ಮತ್ತು ಪರಿಸರ ಎಂಬ ಎರಡು ಖಾನೆಗಳು ಮಾತ್ರ ಇರುತ್ತವೆ. ಎರಡೂ ಕೂಡಿ ಮಾಡಿದ ಕೆಲಸಕ್ಕೆ ಪ್ರತ್ಯೇಕ ಖಾನೆ ಸಾಮಾನ್ಯವಾಗಿ ಇರುವುದಿಲ್ಲ. ಒಬ್ಬ ತಾಯಿ ಗರ್ಭಿಣಿಯಾಗಿದ್ದಾಗ ಬರಗಾಲ ಬಂತೆಂದು ಭಾವಿಸಿ. ಆ ಬರಗಾಲ ಹೊಟ್ಟೆಯಲ್ಲಿರುವ ಇಬ್ಬರು ಮಕ್ಕಳಿಗೂ ಸಮಾನವಾಗಿ ತಟ್ಟುತ್ತದೆ, ಆದರೆ ಅದರಿಂದ ಮೆದುಳಿಗೆ ಆಗುವ ಹಾನಿ ಕೆಲವು ವಂಶವಾಹಿಗಳಿದ್ದವರಿಗೆ ಮಾತ್ರ ಹೆಚ್ಚು ಎಂದಾದರೆ, ತದ್ರೂಪಿ ಅವಳಿಗಳು ಒಂದೇ ರೀತಿ ಕಾಯಿಲೆ ಬೀಳುತ್ತಾರೆ, ತದ್ರೂಪಿಗಳಲ್ಲದವರು ಬೇರೆ ಬೇರೆಯಾಗುತ್ತಾರೆ. ಲೆಕ್ಕ ಹಾಕುವವರು ಇದನ್ನು ಪೂರ್ತಿಯಾಗಿ ವಂಶವಾಹಿಯ ಖಾನೆಗೆ ಜಮೆ ಮಾಡುತ್ತಾರೆ. ಬರಗಾಲವೇ ಬಾರದಿದ್ದರೆ ಆ ‘ವಂಶವಾಹಿಯ ಪಾಲು’ ಕಾಣಿಸುತ್ತಲೇ ಇರಲಿಲ್ಲ. ಆದ್ದರಿಂದ ನೀವು ಕೇಳಿದ ‘80 ಕಳೆದರೆ 20’ ಎಂಬ ವ್ಯವಕಲನ ಇಲ್ಲಿ ನಡೆಯುವುದಿಲ್ಲ. ಆ 80ರ ಒಳಗೇ ಪರಿಸರ ಸೇರಿಕೊಂಡಿದೆ.

ಬರಗಾಲದ ಮಾತು ಸುಮ್ಮನೆ ತಂದದ್ದಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ, 1944–45ರ ಚಳಿಗಾಲದಲ್ಲಿ, ಜರ್ಮನ್ ಸೇನೆಯ ದಿಗ್ಬಂಧನದಿಂದ ನೆದರ್ಲೆಂಡ್ಸಿನ ಪಶ್ಚಿಮ ಭಾಗದಲ್ಲಿ ಭೀಕರ ಹಸಿವು ಬಂದಿತು. ಆ ಹಸಿವು ತೀವ್ರವಾಗಿದ್ದ ತಿಂಗಳುಗಳಲ್ಲಿ ಗರ್ಭದಲ್ಲಿ ರೂಪುಗೊಂಡ ಮಕ್ಕಳಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಕಂಡುಬಂತು. ಚೀನಾದ 1959–61ರ ಕ್ಷಾಮದ ಅಧ್ಯಯನಗಳಲ್ಲೂ ಇದೇ ಪ್ರಮಾಣ ಸಿಕ್ಕಿತು. ಎರಡು ದೇಶ, ಎರಡು ಜನಾಂಗ, ಒಂದೇ ಫಲಿತಾಂಶ. ಇಂಥ ಹೊಂದಾಣಿಕೆ ಈ ಕ್ಷೇತ್ರದಲ್ಲಿ ಅಪರೂಪ.

ವಂಶವಾಹಿಯನ್ನೂ ಮನೆಯ ವಾತಾವರಣವನ್ನೂ ಬೇರ್ಪಡಿಸಿ ನೋಡಲು ದತ್ತು ಮಕ್ಕಳ ಅಧ್ಯಯನಗಳು ನೆರವಾದವು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಲಿಯೊನಾರ್ಡ್ ಹೆಸ್ಟನ್ ಎಂಬುವರು, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಂದ ಹುಟ್ಟಿದ ಕೆಲವೇ ದಿನಗಳಲ್ಲಿ ಬೇರ್ಪಟ್ಟು ಬೇರೆಡೆ ಬೆಳೆದ 47 ಮಂದಿಯನ್ನು ಹುಡುಕಿದರು. ಅವರಲ್ಲಿ 5 ಮಂದಿಗೆ ಕಾಯಿಲೆ ಬಂದಿತ್ತು, ಹೋಲಿಕೆಗಾಗಿ ಆಯ್ದ 50 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. 1966ರ ಈ ಫಲಿತಾಂಶ, ಕಾಯಿಲೆ ಕೇವಲ ಪೋಷಣೆಯಿಂದ ಬರುತ್ತದೆ ಎಂಬ ಅಂದಿನ ನಂಬಿಕೆಯನ್ನು ಅಲ್ಲಾಡಿಸಿತು. ಆಮೇಲೆ ಫಿನ್‌ಲ್ಯಾಂಡಿನಲ್ಲಿ ಪೆಕ್ಕಾ ತಿಯೆನಾರಿ ಮತ್ತು ಸಂಗಡಿಗರು ಇಂಥ ದತ್ತು ಮಕ್ಕಳ ಸಾಕುಮನೆಗಳನ್ನೂ ಅಳೆದು ನೋಡಿದರು. ಜಗಳ, ಗೊಂದಲ, ಮಾತಿನ ಅಸ್ಪಷ್ಟತೆಗಳು ತುಂಬಿದ ಮನೆಗಳಲ್ಲಿ ಬೆಳೆದಾಗ, ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಸ್ಕಿಜೋಫ್ರೇನಿಯಾ ಗುಂಪಿನ ಕಾಯಿಲೆಗಳು ಬಹಳ ಹೆಚ್ಚಾದವು. ನೆಮ್ಮದಿಯ ಮನೆಗಳಲ್ಲಿ ಬೆಳೆದ ಅಂಥದೇ ಮಕ್ಕಳಲ್ಲಿ ಆ ಹೆಚ್ಚಳ ಕಾಣಲಿಲ್ಲ. ವಂಶದ ಅಪಾಯವಿಲ್ಲದ ಮಕ್ಕಳಿಗೆ ಮನೆ ಹೇಗಿದ್ದರೂ ಈ ಕಾಯಿಲೆಯ ಮಟ್ಟಿಗೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ಎರಡೂ ಕೂಡಿದಲ್ಲಿಯೇ ಕಾಯಿಲೆ ಹೆಚ್ಚಿತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಅಧ್ಯಯನ ನಾನು ಬೇರೆ ಓದಿಲ್ಲ.

ಇಷ್ಟಾದರೂ, ‘ಇಂಥ ಜೀನ್ ಇದ್ದವರು ಇಂಥದ್ದನ್ನು ಮಾಡಿದರೆ ಕಾಯಿಲೆ ಖಂಡಿತ’ ಎಂದು ಬರೆಯುವ ಸುದ್ದಿಗಳನ್ನು ಅನುಮಾನದಿಂದಲೇ ಓದಬೇಕು. 2005ರಲ್ಲಿ ನ್ಯೂಜಿಲೆಂಡಿನ ಅಧ್ಯಯನವೊಂದು, ಕೋಮ್ಟ್ ಎಂಬ ಒಂದು ಜೀನಿನ ಒಂದು ರೂಪ ಇದ್ದವರಿಗೆ ಮಾತ್ರ ಹದಿಹರೆಯದ ಗಾಂಜಾ ಅಪಾಯಕಾರಿ ಎಂದು ಹೇಳಿ ಪ್ರಸಿದ್ಧವಾಯಿತು. ಬೇರೆಯವರು ಮತ್ತೆ ಮತ್ತೆ ಪರೀಕ್ಷಿಸಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ನೂರಾರು ಜೀನುಗಳು ಸೇರಿ ಮಾಡುವ ಕೆಲಸವನ್ನು ಒಂದೇ ಜೀನಿನ ತಲೆಗೆ ಕಟ್ಟಲು ಹೋದದ್ದರ ಫಲ ಅದು.

ಉತ್ತರ 3: ಎಣ್ಮಕಜೆಯ ಓದುಗ

ನಮ್ಮ ಕಾಸರಗೋಡಿನ ಕಡೆ ಪರಿಸರ ಎಂದೊಡನೆ ಮನಸ್ಸಿಗೆ ಬರುವುದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೋಡಂಬಿ ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಹಾಸಿಗೆ ಹಿಡಿಸಿದೆ. ಇಲ್ಲಿನ ಮಾನಸಿಕ ಕಾಯಿಲೆಗಳಿಗೂ ಅದೇ ಕಾರಣವೆಂದು ಹಲವರು ನಂಬಿದ್ದಾರೆ. ವೈದ್ಯರು ಇದರ ಬಗ್ಗೆ ಒಂದು ಮಾತು ಹೇಳಬಹುದೇ?

ಉತ್ತರ 4: ಕುಂಬಳೆ ಮೂಲದ ಮನೋವೈದ್ಯ

ಎಂಡೋಸಲ್ಫಾನ್ ನರಮಂಡಲಕ್ಕೆ ವಿಷವೆಂಬುದರಲ್ಲಿ ಸಂಶಯವಿಲ್ಲ. ಮೆದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಅದು ತಡೆಯುವುದರಿಂದ ಅಪಸ್ಮಾರದಂಥ ಸೆಳೆತಗಳು ಬರುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಷೇಧಿಸಿತು. ಆದರೆ ಸ್ಕಿಜೋಫ್ರೇನಿಯಾದ ದೃಢಪಟ್ಟ ಅಪಾಯಕಾರಿಗಳ ಸಾಲಿನಲ್ಲಿ ಅದು ಇಲ್ಲ. ಪ್ರಶ್ನೆ ಕೇಳಿದವರ ಅಣ್ಣನ ವಯಸ್ಸನ್ನು ನೋಡಿದರೂ, ಅವರು ಗರ್ಭದಲ್ಲಿದ್ದದ್ದು ಇಲ್ಲಿ ಆ ಸಿಂಪಡಣೆ ಆರಂಭವಾಗುವುದಕ್ಕೆ ಮೊದಲು. ಆ ವಿಷದಿಂದ ನೊಂದವರ ನ್ಯಾಯವಾದ ಹೋರಾಟಕ್ಕೆ, ಅದರದ್ದಲ್ಲದ ಕಾಯಿಲೆಗಳನ್ನೂ ಸೇರಿಸುವುದರಿಂದ ಬಲ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ದೃಢಪಟ್ಟವುಗಳು ಯಾವುವು ಎಂದರೆ, ಗರ್ಭದಲ್ಲಿ ಮತ್ತು ಹೆರಿಗೆಯ ಹೊತ್ತಿನಲ್ಲಿ ಆಗುವ ತೊಂದರೆಗಳು, ಮುಖ್ಯವಾಗಿ ಮಗುವಿಗೆ ಆಮ್ಲಜನಕದ ಕೊರತೆ, ತಾಯಿಗೆ ಗರ್ಭಾವಸ್ಥೆಯಲ್ಲಿ ಬರುವ ಕೆಲವು ಸೋಂಕುಗಳು, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ ಮತ್ತು ಲೈಂಗಿಕ ದೌರ್ಜನ್ಯ, ತಂದೆಯ ವಯಸ್ಸು ಹೆಚ್ಚಾಗಿರುವುದು, ವಲಸೆ, ಮತ್ತು ಗಾಂಜಾ. ನಿಮ್ಮ ತಾಯಿಯವರ ಜ್ವರದ ವಿಷಯಕ್ಕೆ ಬಂದರೆ, ಇಂಥ ಸೋಂಕಿನಿಂದ ಒಬ್ಬೊಬ್ಬರ ಮಟ್ಟಿಗೆ ಅಪಾಯ ಏರುವುದು ಬಹಳ ಸ್ವಲ್ಪ. ಜ್ವರ ಬಂದ ಲಕ್ಷಾಂತರ ತಾಯಂದಿರ ಮಕ್ಕಳು ಆರೋಗ್ಯವಾಗಿದ್ದಾರೆ. ಐದು ದಶಕಗಳ ಹಿಂದಿನ ಒಂದು ಜ್ವರವನ್ನು ಹಿಡಿದು ‘ಇದರಿಂದಲೇ’ ಎಂದು ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ, ಹೇಳಬಾರದು ಕೂಡ.

ಪಟ್ಟಣದ ಬಗ್ಗೆ ನಿಮ್ಮ ಮನೆಯವರಿಗೆ ಇರುವ ಭಯಕ್ಕೆ ಒಂದು ಮೂಲವಿದೆ. ಡೆನ್ಮಾರ್ಕಿನಂಥ ಯುರೋಪಿನ ದೇಶಗಳಲ್ಲಿ ದೊಡ್ಡ ನಗರದಲ್ಲಿ ಹುಟ್ಟಿ ಬೆಳೆದವರಿಗೆ ಹಳ್ಳಿಯವರಿಗಿಂತ ಸ್ಕಿಜೋಫ್ರೇನಿಯಾ ಹೆಚ್ಚು. ಆದರೆ ಕಡಿಮೆ ಮತ್ತು ಮಧ್ಯಮ ಆದಾಯದ 42 ದೇಶಗಳ ಸಮೀಕ್ಷೆಯನ್ನು 2018ರಲ್ಲಿ ವಿಶ್ಲೇಷಿಸಿದಾಗ ಅಂಥ ಸಂಬಂಧ ಕಾಣಲಿಲ್ಲ. ವಲಸೆಯ ವಿಷಯದಲ್ಲೂ ಹಾಗೆಯೇ: ಬ್ರಿಟನ್ನಿನಲ್ಲಿ ನೆಲೆಸಿದ ಕೆರಿಬಿಯನ್ ಮೂಲದವರಲ್ಲಿ ಈ ಕಾಯಿಲೆ ಬಹಳ ಹೆಚ್ಚು, ಆದರೆ ಅವರ ಮೂಲ ದ್ವೀಪಗಳಾದ ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್‌ಗಳಲ್ಲಿ ಆ ಹೆಚ್ಚಳವಿಲ್ಲ. ವಂಶವಾಹಿ ಒಂದೇ, ಬದಲಾದದ್ದು ಬದುಕು. ಕಟ್ಟಡಗಳೂ ವಾಹನಗಳೂ ಅಲ್ಲ, ತನ್ನವರಿಲ್ಲದ ಕಡೆ ಹೊರಗಿನವನಾಗಿ, ತಾರತಮ್ಯ ಅನುಭವಿಸುತ್ತ ಬದುಕುವುದೇ ಇದರ ತಿರುಳು ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ಬೆಂಗಳೂರಿನಲ್ಲಿ ಗೆಳೆಯರ ಜೊತೆ ಕಲಿಯುವ, ಹಬ್ಬಕ್ಕೆ ಊರಿಗೆ ಬಂದು ಹೋಗುವ ಹುಡುಗನಿಗೂ ಇದಕ್ಕೂ ಬಹಳ ಅಂತರವಿದೆ. ಕಾಲೇಜಿಗೆ ಕಳುಹಿಸಿ.

ಆದರೆ ಗಾಂಜಾದ ಬಗ್ಗೆ ಅವನೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿ. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಸೇರುವ ಹೊತ್ತಿಗೆ 50ಕ್ಕೂ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು ಕಂಡುಬಂದಿತ್ತು. ಇದರಲ್ಲಿ ಒಂದು ಭಾಗ, ವಂಶದ ಅಪಾಯ ಇರುವವರೇ ಗಾಂಜಾದ ಕಡೆಗೆ ಹೆಚ್ಚು ಒಲಿಯುವುದರಿಂದಲೂ ಬರುತ್ತದೆ. ಆ ಭಾಗವನ್ನು ಕಳೆದರೂ ಉಳಿಯುವ ಅಪಾಯ ಸಣ್ಣದಲ್ಲ. ಕಡು ಗಾಂಜಾವನ್ನು ದಿನವೂ ಬಳಸುವವರಲ್ಲಿ ಅದು ಇನ್ನೂ ಹೆಚ್ಚು. ದೊಡ್ಡಪ್ಪನಿಗೆ ಕಾಯಿಲೆ ಇರುವ ಹುಡುಗನ ಮಟ್ಟಿಗೆ, ಬದಲಾಯಿಸಲು ಸಾಧ್ಯವಿರುವ ಅಪಾಯಗಳಲ್ಲಿ ಇದೇ ಮೊದಲನೆಯದು.

ಉತ್ತರ 5: ಮಂಜೇಶ್ವರದ ಒಬ್ಬ ತಂಗಿ

ನಾನು ವಿಜ್ಞಾನ ಓದಿದವಳಲ್ಲ. ನನ್ನ ಅಕ್ಕನನ್ನು ನೋಡಿಕೊಳ್ಳುವವಳು. ಪೆರ್ಲದ ಅಣ್ಣ ತಮ್ಮ ತಾಯಿಯ ವಿಷಯ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ತಾಯಂದಿರ ಮೇಲೆ ತಪ್ಪು ಹೊರಿಸುವುದು ನಮ್ಮ ಊರಿನವರು ಮಾತ್ರ ಮಾಡಿದ್ದಲ್ಲ ಎಂದು ನಿಮ್ಮ ಅಮ್ಮನಿಗೆ ಹೇಳಿ. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ದೊಡ್ಡ ಮನೋವೈದ್ಯೆಯೇ, ತಾಯಿಯ ಸ್ವಭಾವದಿಂದ ಈ ಕಾಯಿಲೆ ಹುಟ್ಟುತ್ತದೆ ಎಂದು ಬರೆದರು. ಅಮೆರಿಕದಲ್ಲಿ ಎರಡು ತಲೆಮಾರಿನ ತಾಯಂದಿರು ಆ ಮಾತನ್ನು ಹೊತ್ತುಕೊಂಡು ಬದುಕಿದರು. ಮಾಸ್ತರರು ಹೇಳಿದ ದತ್ತು ಅಧ್ಯಯನಗಳಂಥವು ಬಂದ ಮೇಲೆ ಆ ವಾದ ಬಿದ್ದುಹೋಯಿತು.

ಆದರೆ ಮನೆಯವರ ಮಾತು ಕಾಯಿಲೆಯನ್ನು ಹುಟ್ಟಿಸದಿದ್ದರೂ ಮರುಕಳಿಸುವಂತೆ ಮಾಡಬಲ್ಲದು. ಇದನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬುವರು 1950ರ ದಶಕದಿಂದಲೇ ಅಧ್ಯಯನ ಮಾಡಿದ್ದರೆಂದೂ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಸದಾ ಟೀಕಿಸುವ ಮನೆಗಳಿಗೆ ಹೋದವರಿಗೆ ಕಾಯಿಲೆ ಹೆಚ್ಚು ಬೇಗ ಮರಳುತ್ತಿತ್ತೆಂದೂ ಅಕ್ಕನ ಡಾಕ್ಟರು ನನಗೆ ವಿವರಿಸಿದರು. ಚಂಡೀಗಢದಲ್ಲಿ ಇದೇ ಅಳತೆ ಹಿಡಿದು ನೋಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಇದ್ದವಂತೆ. ಕೇಳಿ ಸಂತೋಷವಾಯಿತು, ಆದರೆ ನಮ್ಮ ಮನೆಯಲ್ಲಿ ‘ಸೋಮಾರಿ’, ‘ನಾಟಕ’ ಎಂಬ ಮಾತುಗಳು ನಿಲ್ಲಲು ಬಹಳ ಕಾಲ ಹಿಡಿಯಿತು. ಏಳಲಾಗದಿರುವುದು, ಮಾತು ಬೇಡವಾಗುವುದು, ಸ್ನಾನಕ್ಕೆ ಮನಸ್ಸಿಲ್ಲದಿರುವುದು ಇವು ಕಾಯಿಲೆಯ ಭಾಗವೇ ಎಂದು ಅಪ್ಪನಿಗೆ ಅರ್ಥವಾದ ಮೇಲೆ ಅಕ್ಕನ ಸ್ಥಿತಿ ನಮ್ಮ ಕಣ್ಣೆದುರೇ ಸುಧಾರಿಸಿತು.

ಪರಿಸರ ಎಂದರೆ ಏನು ಎಂದು ಕೇಳಿದ್ದೀರಿ. ಕೇರಳ-ಕರ್ನಾಟಕ ಗಡಿಯಲ್ಲಿ ಬದುಕುವ ನಮಗೆ ಅದರಲ್ಲಿ ರಸ್ತೆಯೂ ಸೇರುತ್ತದೆ. 2020ರಲ್ಲಿ ಕೊರೊನಾ ಬಂದು ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಡಾಕ್ಟರನ್ನು ಕಾಣಲು ಆಗಲಿಲ್ಲ, ಅಕ್ಕನ ಮಾತ್ರೆ ಮುಗಿಯಿತು, ಅದೇ ಮಾತ್ರೆ ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ. ಕೆಲವೇ ವಾರಗಳಲ್ಲಿ ಅವಳಿಗೆ ಮತ್ತೆ ಇಲ್ಲದ ದನಿಗಳು ಕೇಳತೊಡಗಿದವು. ಹಾಗಾಗಿ ಈಗ ನಾವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನಡೆಸುವ ಕ್ಲಿನಿಕ್ಕಿನಲ್ಲೂ ಹೆಸರು ನೋಂದಾಯಿಸಿದ್ದೇವೆ. ಅಲ್ಲಿ ಮಾತು ಮಲಯಾಳದಲ್ಲೇ ಹೆಚ್ಚು ನಡೆಯುವುದರಿಂದ ಅಕ್ಕನ ಜೊತೆ ಯಾರಾದರೂ ಹೋಗಬೇಕಾಗುತ್ತದೆ, ಆದರೂ ಮಾತ್ರೆ ತಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು: ಪೆರ್ಲದ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ಮಾಸ್ತರರು ಬರೆದದ್ದನ್ನು ಹೆಂಡತಿಗೂ ಓದಿ ಹೇಳಿದ್ದೇನೆ. ಇನ್ನು ಎರಡು ಸಂದೇಹಗಳು ಉಳಿದಿವೆ. ಗಂಡಿನ ಕಡೆಯವರು, ಹುಡುಗಿಯ ಡಿಎನ್‌ಎ ಪರೀಕ್ಷೆ ಮಾಡಿಸಿ ತೋರಿಸಿದರೆ ಮುಂದುವರಿಯಬಹುದು ಎಂದಿದ್ದಾರೆ. ಅಂಥ ಪರೀಕ್ಷೆ ಇದೆಯೇ? ಮತ್ತು ಮಗನ ವಿಷಯದಲ್ಲಿ ನಾವು ಯಾವುದನ್ನು ಗಮನಿಸುತ್ತಿರಬೇಕು?

ಉತ್ತರ 6: ಮಂಜೇಶ್ವರದ ಒಬ್ಬ ತಂಗಿ

ಮದುವೆಯ ವಿಷಯದಲ್ಲಿ ನನ್ನ ಅನುಭವದಿಂದ ಇಷ್ಟೇ ಹೇಳಬಲ್ಲೆ: ತಂದೆಯ ಕಾಯಿಲೆಯನ್ನು ಮುಚ್ಚಿಡಬೇಡಿ, ಅದು ಹೇಗೂ ತಿಳಿಯುತ್ತದೆ. ಆದರೆ ಆರೋಗ್ಯವಾಗಿರುವ ಹುಡುಗಿ ಪರೀಕ್ಷೆಯ ಕಾಗದ ಹಿಡಿದು ತನ್ನನ್ನು ಸಾಬೀತುಪಡಿಸಬೇಕೆಂದು ಕೇಳುವ ಮನೆಗೆ ಅವಳು ಹೋಗಬೇಕೇ ಎಂಬುದನ್ನು ಅವಳನ್ನೇ ಕೇಳಿ.

ಉತ್ತರ 7: ಕುಂಬಳೆ ಮೂಲದ ಮನೋವೈದ್ಯ

ಅಂಥ ಪರೀಕ್ಷೆ ಇಲ್ಲ. ಸಾವಿರಾರು ಜೀನ್ ಬದಲಾವಣೆಗಳನ್ನು ಕೂಡಿಸಿ ಒಂದು ಅಪಾಯದ ಅಂಕ ತೆಗೆಯುವ ವಿಧಾನವನ್ನು ಸಂಶೋಧಕರು ಬಳಸುತ್ತಾರೆ, ಆದರೆ ಜನರ ನಡುವಿನ ಅಪಾಯದ ವ್ಯತ್ಯಾಸದಲ್ಲಿ ಅದು ವಿವರಿಸುವುದು ಶೇಕಡಾ 10ಕ್ಕಿಂತಲೂ ಕಡಿಮೆ. ಅದೂ ಬಹುಪಾಲು ಯುರೋಪಿಯನ್ನರ ಡಿಎನ್‌ಎಯಿಂದ ರೂಪಿಸಿದ್ದಾದ್ದರಿಂದ ನಮ್ಮವರಲ್ಲಿ ಅದರ ನಿಖರತೆ ಇನ್ನೂ ಕಡಿಮೆಯಾಗುತ್ತದೆ. ಅಂಕ ಹೆಚ್ಚಿರುವ ಬಹುತೇಕರಿಗೆ ಕಾಯಿಲೆ ಬರುವುದಿಲ್ಲ, ಕಾಯಿಲೆ ಬಂದ ಹಲವರಲ್ಲಿ ಅಂಕ ಸಾಧಾರಣವಾಗಿಯೇ ಇರುತ್ತದೆ. ಹಣ ಪಡೆದು ಇಂಥ ವರದಿ ಕೊಡುವ ಪ್ರಯೋಗಾಲಯಗಳು ಸಿಗಬಹುದು. ಆ ವರದಿಯನ್ನು ಆಧರಿಸಿ ಮದುವೆಯನ್ನು ನಿರ್ಧರಿಸುವುದು ಅನ್ಯಾಯ. ನಾನು ಮೊದಲು ಹೇಳಿದ 22ನೆಯ ವರ್ಣತಂತುವಿನ ಪರೀಕ್ಷೆಯನ್ನು, ಆ ಬೇರೆ ಲಕ್ಷಣಗಳು ಇದ್ದಾಗ ಮಾತ್ರ ವೈದ್ಯರು ಸೂಚಿಸುತ್ತಾರೆ.

ಮಗನ ವಿಷಯದಲ್ಲಿ, ಅವನನ್ನು ದಿನವೂ ಪರೀಕ್ಷಿಸುವ ಕಣ್ಣಿನಿಂದ ನೋಡುವುದು ಬೇಡ. ಹದಿನೆಂಟರ ಹುಡುಗರು ಕೋಣೆಯ ಬಾಗಿಲು ಹಾಕಿಕೊಳ್ಳುವುದು ಸಹಜ. ಮುಂಚೆ ಚೆನ್ನಾಗಿ ಓದುತ್ತಿದ್ದವನ ಅಂಕಗಳು ಕೆಲವು ತಿಂಗಳಲ್ಲೇ ಕುಸಿದು, ಗೆಳೆಯರೆಲ್ಲರನ್ನೂ ಬಿಟ್ಟು, ರಾತ್ರಿ ನಿದ್ದೆಯಿಲ್ಲದೆ, ಸುತ್ತಲಿನವರು ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ ಎಂಬ ಸಂಶಯ ಬಲವಾಗುತ್ತ ಹೋದರೆ, ಇವೆಲ್ಲ ಒಟ್ಟಾಗಿ ವಾರಗಟ್ಟಲೆ ಉಳಿದರೆ, ಆಗ ತಡಮಾಡಬಾರದು. ಕಾಯಿಲೆ ಆರಂಭವಾದ ದಿನದಿಂದ ಚಿಕಿತ್ಸೆ ಸಿಗುವ ದಿನದವರೆಗಿನ ಅಂತರ ಉದ್ದವಾದಷ್ಟೂ ಚೇತರಿಕೆ ಕಠಿಣವಾಗುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ನಿಮ್ಮ ಅಣ್ಣನ ಕಾಲದಲ್ಲಿ ಆ ಅಂತರ ವರ್ಷಗಳಷ್ಟಿತ್ತು. ದೈವಕ್ಕೆ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ಆದರೆ ಅದೇ ವಾರದಲ್ಲಿ ಮನೋವೈದ್ಯರನ್ನೂ ಕಾಣಲಿ. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್ ಇದೆ; ಎಲ್ಲಿಂದಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೂ ಮಾತನಾಡುವವರು ಸಿಗುತ್ತಾರೆ.